ಇಡೀ ಓಣಿಯ ಪಾಲಕ

ಬನಹಟ್ಟಿಯ ನಮ್ಮ ನೇಕಾರ ಓಣಿಗೆಲ್ಲ ಇದ್ದದ್ದು ಒಂದೇ ಕೋಟು. ಕರಿಯದು, ಮೊಣಕೈಗೆ ತೇಪೆ ಹಚ್ಚಿದ್ದು. ಸಿದ್ದಪ್ಪ ಕಾಕಾ ಅದನ್ನು ಸುಡುಬಿಸಿಲಿನಲ್ಲೂ ಮೇಲಿನ ಗುಂಡಿಯವರೆಗೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. “ಸೆಕಿ ಆಗೂದಿಲ್ಲೇನೋ ಯಣ್ಣಾ?” ಎಂದು ಅವ್ವ ಕೇಳಿದರೆ, “ಸೆಕಿ ಮೈಗಿ ಆಗತೈತಿ ತಂಗಿ, ಮಾನಕ್ಕ ಆಗೂದಿಲ್ಲ” ಎನ್ನುತ್ತಿದ್ದ.

ಹರೆಯದಲ್ಲಿ ಸಾಂಗಲಿಯ ಅಂಗಡಿಯೊಂದರಲ್ಲಿ ದುಡಿದು ಮರಾಠಿ ಕಲಿತಿದ್ದ. ನಮ್ಮ ಜಮಖಂಡಿ ಸಂಸ್ಥಾನದ ಕಚೇರಿಗಳು ಮಾತಾಡುತ್ತಿದ್ದದ್ದೂ ಅದನ್ನೇ. ನಮ್ಮ ಅಪ್ಪಂದಿರು ಸಂತೆಯಲ್ಲಿ ಎಂಥವನ ಜೊತೆಗೂ ಸೀರೆಯ ವ್ಯಾಪಾರ ಮಾಡಿಯಾರು, ಮೇಜಿನ ಮುಂದೆ ನಿಂತರೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಹಾಗಾಗಿ ಓಣಿಯ ಯಾವ ಹುಡುಗನನ್ನು ಜಮಖಂಡಿಯ ದೊಡ್ಡ ಶಾಲೆಗೆ ಹಚ್ಚಬೇಕಾದರೂ ಚಕ್ಕಡಿ ಹೂಡಿ ಕರೆದೊಯ್ಯುವವನು ಕಾಕಾನೇ. ಪಾಲಕರು ಯಾರು ಎಂದು ಕಾರಕೂನ ಕೇಳಿದರೆ ತನ್ನ ಹೆಸರು ಹೇಳಿ ಸಹಿ ಹಾಕುತ್ತಿದ್ದ. ಮಕ್ಕಳಿಲ್ಲದ ಆ ಮನುಷ್ಯ ಹೀಗೆ ಕಾಗದದ ಮೇಲೆ ನಮ್ಮೆಲ್ಲರಿಗೂ ಹಿರಿಯನಾದ. ಇದರಲ್ಲಿ ತಪ್ಪೇನಿದೆ ಎಂದು ಯಾರೂ ಯೋಚಿಸಲಿಲ್ಲ.

ನನ್ನ ಸರದಿ ಬಂದಾಗ ದಾರಿಯಲ್ಲಿ ಚುರುಮುರಿ ಕೊಡಿಸಿ ಬುದ್ಧಿ ಹೇಳಿದ್ದ: “ಒಳಗ ಹೋದ ಮ್ಯಾಲ ನೆಲಾ ನೋಡಬ್ಯಾಡಲೇ. ನೆಲಾ ನೋಡಾವನ್ನ ನೆಲದ ಮ್ಯಾಲೇ ಕುಂದರಸ್ತಾರ.” ಆ ಮಾತು ನನ್ನನ್ನು ಬಿ.ಎ.ವರೆಗೆ ತಂದಿತು. ಅದನ್ನು ನಾನು ಮರೆತಿಲ್ಲ, ಉಳಿದದ್ದನ್ನೂ ಮರೆತಿಲ್ಲ.

ಮ್ಯಾಟ್ರಿಕ್ ಪಾಸಾದೆ. ಕಾಲೇಜಿಗೆ ಹೋಗಲು ಶಾಲೆ ಬಿಟ್ಟ ದಾಖಲೆ ಬೇಕಿತ್ತು. ಅಂದು ಅಪ್ಪ ಮಗ್ಗ ನಿಲ್ಲಿಸಿ, ಒಗೆದ ಧೋತರ ಉಟ್ಟು ತಾನೇ ಹೊರಟ. ಕಾರಕೂನ ತಲೆಯೆತ್ತಿ, ಅಪ್ಪನ ಧೋತರ ನೋಡಿ ಕನ್ನಡದಲ್ಲೇ, “ನೀವ್ಯಾರು?” ಎಂದ.

“ಇಂವನ ಅಪ್ಪರೀ.”

ಅವನು ಪುಸ್ತಕ ತಿರುವಿ ಹಾಕಿದ. “ಇಲ್ಲಿ ಹಂಗಿಲ್ಲ. ದಾಖಲೆ ಪಾಲಕರ ಕೈಯಾಗ ಕೊಡೂದು. ಬಾಕಿ ಮಂದಿ ಪೌಳಿ ಒಳಗ ಬರೂ ಹಂಗಿಲ್ಲ.”

ಮರುದಿನ ಕಾಕಾನನ್ನು ಕರೆತಂದೆವು. ಅಪ್ಪ ಶಾಲೆಯ ಪೌಳಿ ಗೋಡೆಯ ಹೊರಗೆ ಬೇವಿನ ಗಿಡದ ಕೆಳಗೆ ನಿಂತ. ಕೋಟು ಕಂಡ ಕಾರಕೂನ ಕುರ್ಚಿ ತೋರಿಸಿದ. ಕಾಕಾ ಕೂತ. “ಹೌದ್ರಿ ಸಾಹೇಬ್ರ, ಪಾಲಕ ನಾನ.” ಇನ್ನೊಂದು ಮಾತು ಬಂದೀತೆಂದು ನಾನು ಅವನ ಬಾಯಿ ನೋಡುತ್ತ ನಿಂತಿದ್ದೆ: ಇವನ ಅಪ್ಪ ಹೊರಗಿದ್ದಾನೆ, ಅವನ ಹೆಸರು ಬರೆದುಕೊಳ್ಳಿ. ಬರಲಿಲ್ಲ. ಮರಳುವಾಗ ಚಕ್ಕಡಿಯಲ್ಲಿ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದ್ದಕ್ಕೆ, “ಕುರ್ಚಿ ಕೊಟ್ಟ ಮಂದಿ ಕೂಡ ವಾದಾ ಮಾಡಬಾರ್ದು ತಮ್ಮಾ” ಎಂದ. ಅಪ್ಪ ಎತ್ತುಗಳ ಬೆನ್ನು ನೋಡುತ್ತಿದ್ದ.

ಆ ದಾಖಲೆಯ ಮೇಲಿನ ಹೆಸರೇ ಕಾಲೇಜಿನ ವಸತಿಗೃಹಕ್ಕೂ ಹೋಯಿತು. ಒಮ್ಮೆ ಅಪ್ಪ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅಷ್ಟು ದೂರ ಬಂದ. ಪಾಲಕರ ಹೊರತು ಯಾರನ್ನೂ ಬಿಡುವುದಿಲ್ಲ ಎಂದು ಕಾವಲುಗಾರ ಬಾಗಿಲಲ್ಲೇ ತಡೆದ. ತರಗತಿ ಮುಗಿಸಿ ನಾನು ಬರುವ ಹೊತ್ತಿಗೆ ಗಂಟು ಮಾತ್ರ ಇತ್ತು. ಅಪ್ಪ ರೈಲಿಗೆ ಹೋಗಿದ್ದ.

ಬಿ.ಎ. ಆದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲಿಗ ನಾನು, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಊರಿಗೆ ಬಂದವನೇ ಶಾಲೆಗೆ ಹೋಗಿ, ಪಾಲಕರ ಹೆಸರು ಬದಲಾಯಿಸಿ ಅಪ್ಪನ ಹೆಸರು ಬರೆಯಿರಿ ಎಂದೆ. ಬರೆಸಿದ ಪಾಲಕರೇ ಬಂದು ಹೇಳಬೇಕು ಎಂದರು. ಅಲ್ಲಿಂದ ನೇರ ಕಾಕಾನ ಮನೆಗೆ ಹೋದೆ. ಕಾಕಾ ಹಾಸಿಗೆ ಹಿಡಿದಿದ್ದ. ಬರೀ ಅಂಗಿಯಲ್ಲಿ ಅವನನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಸಣ್ಣ ಮನುಷ್ಯ ಅನ್ನಿಸಿತು. ಶಾಲೆಗೆ ಬಂದು ಅಪ್ಪನ ಹೆಸರು ಬರೆಸು ಎಂದೆ.

“ನಿಮ್ಮಪ್ಪ ಒಮ್ಮಿನೂ ಕೇಳಲಿಲ್ಲಲ್ಲೋ,” ಎಂದ.

“ನಿನ್ನ ಕೋಟ ನೋಡಿ ಕೇಳಲಿಲ್ಲ, ಕಾಕಾ.”

ಕಾಕಾ ಮೊಣಕೈ ಊರಿ ಎದ್ದು ಕೂತ. “ಬರ್ತೇನಿ. ಆದ್ರ ಕೋಟ ಅಗಸರ ಮನ್ಯಾಗೈತಿ, ಅದು ಬರ್ಲಿ. ಕೋಟಿಲ್ಲದ ಹೋದ್ರ ನನ್ನ ಮಾತ ಯಾರು ನಂಬ್ತಾರ?”

ಅದೇ ಕಡೆಯ ಭೇಟಿ. ಕೋಟು ಬರುವಷ್ಟರಲ್ಲಿ ಕಾಕಾ ತೀರಿಕೊಂಡಿದ್ದ. ಅದನ್ನೇ ತೊಡಿಸಿ, ಮೇಲಿನ ಗುಂಡಿಯವರೆಗೂ ಹಾಕಿ, ಸಮಾಧಿಯ ಕುಣಿಯಲ್ಲಿ ಕೂಡಿಸಿದೆವು. ಹೆಗಲು ಕೊಟ್ಟವರೆಲ್ಲ ಅವನು ಶಾಲೆಗೆ ಹಚ್ಚಿದ ಹುಡುಗರೇ. ನಾನೂ ಅತ್ತೆ.

ಸಂಸ್ಥಾನದ ಆಳ್ವಿಕೆ ಮುಗಿದು ಶಾಲೆಯ ಬಾಗಿಲಿಗೆ ಹೊಸ ಹಲಗೆ ಬಿದ್ದ ಮೇಲೆ ಇನ್ನೊಮ್ಮೆ ಅಪ್ಪನನ್ನು ಕರೆದುಕೊಂಡು ಹೋದೆ. ಕಾರಕೂನ ಅವನೇ, ಪುಸ್ತಕವೂ ಅದೇ. ನನ್ನ ಪದವಿಯ ಕಾಗದ ಓದಿ “ಛಲೋ ಆತು” ಎಂದು ಮರಳಿ ಕೊಟ್ಟ. ಹೆಸರಿನ ಮಾತಿಗೆ ಮಾತ್ರ, “ಪಾಲಕ್ರು ಬಂದು ಹೇಳಬೇಕ್ರಿ” ಎಂದ.

“ಅವರು ತೀರಿಕೊಂಡ್ರು.”

“ಹಂಗಾದ್ರ ಯಾರ ಮಾತಿನ ಮ್ಯಾಲ ತಿದ್ದಲಿ?”

ಹೊರಗೆ ಬಂದೆ. ಅಪ್ಪ ಅದೇ ಬೇವಿನ ಕೆಳಗೆ ನಿಂತಿದ್ದ. “ಏನಂದ್ರು?”

“ಕಾಕಾನೇ ಬರಬೇಕಂತ.”

ಅಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. “ಈಗ ಕೋಟೇನೋ ಮೈಮ್ಯಾಲ ಐತಿ ಅವಂಗ,” ಎಂದ. “ಬರಾಕ ಅವನೇ ಇಲ್ಲ.”