ಮಡಚಲೊಲ್ಲದ ಮೊಣಕೈ

ವಾರಾಂತ್ಯದ ಬೌಲರನಿಗೆ ದೇವರು ಕೊಟ್ಟಿರುವ ಪರಮ ಸೌಲಭ್ಯವೆಂದರೆ, ಅವನು ಎಂದೂ ಸೋಲುವುದಿಲ್ಲ. ಮೈಸೂರು ಬಿಟ್ಟು ನಾನು ನೆಲೆಸಿರುವ ಪರದೇಶದ ಊರು ಬ್ಲಾಂಚರ್ಡ್ಸ್‌ಟೌನಿನ ನಮ್ಮ ಶನಿವಾರದ ಕ್ರಿಕೆಟ್ ತಂಡ ನನ್ನ ಘನ ಬೌಲಿಂಗಿನ ನೆರವಿನಿಂದ ಎಷ್ಟೋ ಪಂದ್ಯಗಳನ್ನು ಕೈಚೆಲ್ಲಿದೆ. ಆದರೆ ತಪ್ಪೆಲ್ಲ ಒದ್ದೆ ಪಿಚ್ಚಿನದು, ಎದುರುಗಾಳಿಯದು, ಕ್ಯಾಚ್ ಬಿಟ್ಟ ಮಹನೀಯರದು. ನಲವತ್ತೇಳರಲ್ಲೂ ನನ್ನ ಆತ್ಮಗೌರವ ಇಷ್ಟು ಪುಷ್ಟವಾಗಿರುವ ಗುಟ್ಟು ಇದೇ.

ಹಾಗಾಗಿ ಪಕ್ಕದ ಮನೆಯ ಎಂಬತ್ತೆರಡರ ಬ್ರೀಡಾ ತಮ್ಮ ಅಜ್ಜನ ಕಥೆ ಹೇಳಿದಾಗ ನಾನು ಹೌಹಾರಿದೆ. ನೂರು ವರ್ಷಕ್ಕೂ ಹಿಂದೆ ಆ ಪುಣ್ಯಾತ್ಮ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಬೇಸ್‌ಬಾಲಿನಲ್ಲಿ ದಾಂಡಿಗನತ್ತ ಚೆಂಡೆಸೆಯುವ ಪಿಚರನಾಗಿ ಸಂಬಳಕ್ಕೆ ಆಡಿ ಊರಿಗೆ ಮರಳಿದನಂತೆ. ಆ ಆಟದ ಕ್ರೂರ ಸಂಪ್ರದಾಯವೇನೆಂದರೆ, ಇಡೀ ತಂಡದ ಸೋಲನ್ನು ಪಿಚರನೊಬ್ಬನ ಹೆಸರಿಗೇ ಬರೆಯುತ್ತಾರೆ. ಅಜ್ಜನ ಗೆಲುವುಗಳು ಕೈಬೆರಳಲ್ಲಿ ಎಣಿಸುವಷ್ಟು. ಸೋಲುಗಳಿಗೆ ಕಾಲ್ಬೆರಳು ಸೇರಿಸಿದರೂ ಸಾಲದು. ಬ್ರೀಡಾರ ತಮ್ಮ, ಎಪ್ಪತ್ತೆಂಟರ ಡೆಕ್ಲನ್, ಊಟಕ್ಕೆ ಬಂದಾಗಲೆಲ್ಲ ಇದನ್ನೇ ಎತ್ತಿ ಆಡಿಕೊಳ್ಳುತ್ತಿದ್ದ. ಅಜ್ಜನ ತೊಡೆಯ ಮೇಲೆ ಬೆಳೆದ ಬ್ರೀಡಾರಿಗೆ ಅದು ಸಹಿಸಲಾಗದ ಸಂಕಟ. ಭಾನುವಾರ ಅವನು ಬಂದಾಗ ಅಜ್ಜ ಬಿಟ್ಟುಹೋದ ಚೆಂಡನ್ನು ಅಜ್ಜನಂತೆಯೇ ಒಮ್ಮೆ ಎಸೆದು ತೋರಿಸಬೇಕು, ಅದೆಂಥ ವಿದ್ಯೆಯೆಂದು ತಿಳಿದು ಅವನ ಬಾಯಿ ಮುಚ್ಚಬೇಕು ಎಂದು ಕೇಳಿಕೊಂಡರು. ಬೀದಿಗೊಬ್ಬನೇ ಬೌಲರನಾದ ನಾನು, 'ಆಗಲಿ' ಎನ್ನಲು ಇಲ್ಲಿಯವರು ಹೇಳುವಂತೆ, 'ಗ್ರ್ಯಾಂಡ್' ಎಂದುಬಿಟ್ಟೆ.

ಫಜೀತಿ ಶುರುವಾದದ್ದು ಹಿತ್ತಿಲಿನ ಅಭ್ಯಾಸದಲ್ಲಿ. ಮೈಸೂರಿನ ನನ್ನ ಗುರುಗಳು ಮೊಣಕೈ ಮಡಚಿದಾಗಲೆಲ್ಲ ಸ್ಟಂಪಿನಿಂದ ತಟ್ಟಿ ತಿದ್ದಿದವರು. ಬೌಲರನಿಗೆ ಮಹಾಪಾತಕವಾದದ್ದು ಪಿಚರನಿಗೆ ಪರಮಧರ್ಮ. ಮೂವತ್ತು ವರ್ಷ ನೆಟ್ಟಗಿದ್ದ ತೋಳು ಈಗ ಧರ್ಮಾಂತರಕ್ಕೆ ಸುತರಾಂ ಒಪ್ಪಲಿಲ್ಲ. "ಚಪಾತಿ ತಿನ್ನೋವಾಗ ಚೆನ್ನಾಗೇ ಮಡಚತ್ತಲ್ಲ ರೀ, ಈಗೇನಾಯ್ತು?" ಎಂದು ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಕುಶಲ ವಿಚಾರಿಸಿದಳು.

ಭಾನುವಾರ, ನಿಂತಲ್ಲೇ ನಿಂತು ಎಸೆಯಬೇಕಾದ ನಾನು, ಬ್ರೀಡಾರ ಹಿತ್ತಿಲಿನ ತುದಿಯಿಂದ ಹತ್ತು ಹೆಜ್ಜೆ ಓಡಿಬಂದು, ನೆಟ್ಟನೆಯ ತೋಳನ್ನು ಗಿರ್ರನೆ ತಿರುಗಿಸಿ, ಚೆಂಡನ್ನು ಶಾಸ್ತ್ರೋಕ್ತವಾಗಿ ಹುಲ್ಲಿಗೆ ಕುಕ್ಕಿದೆ. ಅದು ಪುಟಿದು ಡೆಕ್ಲನ್ನನ ಚಹಾದ ಕಪ್ಪನ್ನು ಉರುಳಿಸಿತು. ಬ್ರೀಡಾರ ಮುಖ ಬಾಡಿತು. ಒದ್ದೆ ಹುಲ್ಲನ್ನು ದೂರಲು ಬಾಯಿ ತೆರೆದವನಿಗೆ ಆ ಮುಖ ನೋಡಿ ನಿಜಕ್ಕೂ ನಾಚಿಕೆಯಾಯಿತು. "ಸೋತದ್ದು ನಾನು, ನಿಮ್ಮ ಅಜ್ಜನಲ್ಲ," ಎಂದೆ. ಇಂಥ ಮಾತನ್ನು ನಾನು ಹುಟ್ಟಿದಂದಿನಿಂದ ಆಡಿರಲಿಲ್ಲ.

ಡೆಕ್ಲನ್ ನಗಲಿಲ್ಲ. "ಹಾಗಲ್ಲ ಕಣಯ್ಯಾ!" ಎಂದು ಸಿಡುಕುತ್ತ ಎದ್ದು, ಚಹಾ ಮೆತ್ತಿದ ಚೆಂಡನ್ನು ಕೋಟಿಗೆ ಒರೆಸಿದ. ಹೊಲಿಗೆಯ ಮೇಲೆ ಎರಡು ಬೆರಳಿಟ್ಟು, ಎಡಗಾಲೆತ್ತಿ, ಮೊಣಕೈಯನ್ನು ಕಿವಿಯ ಹಿಂದಕ್ಕೆ ಮಡಚಿ ಬೀಸಿ ಎಸೆದ. ಬೇಲಿಯ ಹಲಗೆ ಫಟಾರೆಂದಿತು.

ಬ್ರೀಡಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಅಜ್ಜನ ಕೈ, ಅಜ್ಜನದೇ ಕೈ ಅದು, ಇದನ್ನು ಯಾವಾಗ ಕಲಿತೆ ಎಂದು ಕೇಳುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು.

"ನನಗೆ ಹತ್ತು ವರ್ಷ ಆಗಿದ್ದಾಗ. ದಿನಾ ಕಲಿಸ್ತಿದ್ದರು," ಎಂದ ಡೆಕ್ಲನ್, ಅಕ್ಕನ ಮುಖ ನೋಡದೆ ಭುಜ ನೀವಿಕೊಳ್ಳುತ್ತ. "ಇದೊಂದು ಗೆಲುವು ಅಜ್ಜನ ಹೆಸರಿಗೆ ಬರ್ಕೋ."