ಪುಸ್ತಕ ಬೇಡವೆಂದ ಫಿಲ್ಟರ್

ಮೊನ್ನೆ ಮೂಡಿಗೆರೆಯಿಂದ ಬರುವಾಗ, ಏರಿನಲ್ಲಿ ಮುಂದಿದ್ದ ಕಾರಿನಿಂದ ಸುಟ್ಟ ಗೇರ್ ಆಯಿಲ್ ವಾಸನೆ ಬಂತು. ಬೆಲ್ಲ ತಳ ಹಿಡಿದ ಹಾಗೆ. ಕಿಟಕಿ ಏರಿಸಿದೆ. ಅಷ್ಟರಲ್ಲೇ ಗೋಣಿಬೀಡಿನ ಆ ಮೆಕ್ಯಾನಿಕ್ ನೆನಪಾಗಿಬಿಟ್ಟಿದ್ದರು…

ರಸ್ತೆ ಬದಿಯ ತಗಡಿನ ಶೆಡ್ಡು ಅವರದು. ಸುತ್ತಲಿನ ಎಸ್ಟೇಟುಗಳ ಜೀಪುಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಗಾಡಿ ಹಿಂದಿರುಗಿಸುವ ಮೊದಲು ಸ್ಟೇರಿಂಗನ್ನು ತಮ್ಮ ಸ್ವಂತ ಕರ್ಚೀಫಿನಿಂದ ಒರೆಸುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಡೀಸೆಲ್ ಫಿಲ್ಟರ್ ಬದಲಿಸಲೇಬೇಕೆಂಬ ಹಠ ಅವರಿಗೆ. ಹಳೆಯದನ್ನು ಗರಗಸದಲ್ಲಿ ಕೊಯ್ದು, ಒಳಗಿನ ಕಪ್ಪಾದ ಮಡಿಕೆ ಕಾಗದವನ್ನು ಬಿಡಿಸಿ ತೋರಿಸುತ್ತಿದ್ದರು.

“ನೋಡಿ ಅಮ್ಮ, ನಿಮ್ಮ ಜೀಪು ಕುಡಿದ ಕಾಫಿಯ ಚರಟ!”

ನಮ್ಮ ಯಜಮಾನರಿಗೆ ಮಂಡಿನೋವು ಶುರುವಾಗಿ ಕ್ಲಚ್ ತುಳಿಯಲಾಗದಾದ ಮೇಲೆ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡೆವು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ, ಸರ್ವಿಸ್ ಮಾಡಿಸಿಕೊಂಡು ಬಾ ಎಂದು ನನ್ನನ್ನೇ ಕಳಿಸಿದರು. ಮೆಕ್ಯಾನಿಕ್ ಗೇರ್‌ಬಾಕ್ಸಿನ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನನ್ನ ಮೂಗಿನ ಹತ್ತಿರ ಹಿಡಿದರು.

“ಸುಟ್ಟ ವಾಸ್ನೆ ಬಂತಲ್ಲ ಅಮ್ಮ? ಇದರೊಳಗೂ ಒಂದು ಫಿಲ್ಟರ್ ಇದೆ. ಆಯಿಲ್ ಸಮೇತ ಬದಲಿಸ್ಬೇಕು.”

ನಾನು ಕಾನ್ವೆಂಟಿನಲ್ಲಿ ಓದಿದವಳು. ಕಾರಿನ ಇಂಗ್ಲಿಷ್ ಪುಸ್ತಕ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಓದಿ ಹೇಳಿದೆ: ಡೀಸೆಲ್ ಫಿಲ್ಟರಿಗೆ ಇಂತಿಷ್ಟು ಕಿಲೋಮೀಟರ್ ಎಂದಿದೆ, ಗೇರ್‌ಬಾಕ್ಸಿನದನ್ನು ಬದಲಿಸುವ ಅಗತ್ಯವೇ ಇಲ್ಲವಂತೆ.

“ಪುಸ್ತಕ ಬರೆದವ್ರು ನಮ್ಮ ಏರು ಹತ್ತಿದ್ದಾರಾ ಅಮ್ಮ?”

“ಕಂಪನಿಯವರಿಗಿಂತ ನಿಮಗೇ ಜಾಸ್ತಿ ಗೊತ್ತಾ? ಬೇಡ ಬಿಡಿ” ಎಂದು ನಕ್ಕೆ. ಅವರು ಬಾನೆಟ್ ಮುಚ್ಚಿದರು. ಮನೆಯಲ್ಲಿ ಈ ಮಾತು ಹೇಳಲು ನನಗೆ ನೆನಪೂ ಆಗಲಿಲ್ಲ.

ಮಳೆಗಾಲದಲ್ಲಿ ಕಾರು ಚಾರ್ಮಾಡಿಯ ತಿರುವೊಂದರಲ್ಲಿ ನಿಂತುಹೋಯಿತು. ಗೇರ್‌ಬಾಕ್ಸ್ ಪೂರ್ತಿ ಕೆಟ್ಟಿತ್ತು; ಒಳಗಿನ ಫಿಲ್ಟರ್ ಕಟ್ಟಿಕೊಂಡಿದೆ ಎಂದು ನೋಡಿದವರೊಬ್ಬರು ಹೇಳಿದರು. ಎಳೆಸಿಕೊಂಡು ಶೆಡ್ಡಿಗೆ ತಂದಾಗ ಅಲ್ಲಿ ನಾಲ್ಕಾರು ಪ್ಲಾಂಟರುಗಳಿದ್ದರು.

“ಎಂತ ಮಾರಾಯ, ನೀನೇ ಸರ್ವಿಸ್ ಮಾಡಿದ್ದಲ್ವಾ? ಫಿಲ್ಟರ್ ಬದಲಿಸ್ಬೇಕು ಅಂತ ಗೊತ್ತಿಲ್ದವ್ನಿಗೆ ಶೆಡ್ಡು ಯಾಕೆ?” ಎಂದು ಯಜಮಾನರು ಕೂಗಾಡಿದರು.

ಮೆಕ್ಯಾನಿಕ್ ಒಮ್ಮೆ ನನ್ನತ್ತ ನೋಡಿದರು. ನಾನು ಕೈಚೀಲದ ಜಿಪ್ ಎಳೆಯುತ್ತಿದ್ದೆ, ಮತ್ತೆ ತೆರೆಯುತ್ತಿದ್ದೆ…

“ತಪ್ಪಾಯ್ತು ಗೌಡ್ರೆ. ನಂಗೆ ಹೊಳೀಲಿಲ್ಲ” ಎಂದರು.

ಕೆಲಸ ಗೊತ್ತಿಲ್ಲದವನು ಎಂಬ ಮಾತು ಎಸ್ಟೇಟಿನಿಂದ ಎಸ್ಟೇಟಿಗೆ ಹೋಯಿತು. ಜೀಪುಗಳು ಒಂದೊಂದಾಗಿ ಬೇರೆ ಕಡೆ ತಿರುಗಿದವು. ಎರಡು ವರ್ಷಕ್ಕೆ ಶೆಡ್ಡಿಗೆ ಬೀಗ ಬಿತ್ತು. ಆಮೇಲೊಮ್ಮೆ ಅವರನ್ನು ಚಿಕ್ಕಮಗಳೂರಿನ ಸರ್ವಿಸ್ ಸ್ಟೇಷನ್ ಒಂದರಲ್ಲಿ ಕಂಡೆ. ಮಂಡಿವರೆಗೆ ಪ್ಯಾಂಟು ಮಡಚಿ ಕಾರು ತೊಳೆಯುತ್ತಿದ್ದರು. ಬೆರಳುಗಳು ನೀರಿಗೆ ಸುಕ್ಕುಗಟ್ಟಿದ್ದವು.

“ಅವತ್ತು ನೀವು ಹೇಳಬಹುದಿತ್ತು, ಅಮ್ಮನೇ ಬೇಡ ಅಂದ್ರು ಅಂತ” ಎಂದೆ.

“ಅಷ್ಟು ಜನರ ಎದುರಿಗೆ ನಿಮ್ಮನ್ನ ಬೈತಿದ್ರು. ಬಿಡಿ ಅಮ್ಮ.”

ಇವತ್ತೇ ಯಜಮಾನರಿಗೆ ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿದರು, ನಂಬಿದರೋ ಇಲ್ಲವೋ. ಆ ಸಂಜೆ ಮನೆಗೆ ನೆಂಟರು ಬಂದಿದ್ದರು. ಮರುದಿನ ಇನ್ನೇನೋ… ಹೋದ ವರ್ಷ ಆ ಮೆಕ್ಯಾನಿಕ್ ತೀರಿಕೊಂಡರೆಂದು ತಿಳಿಯಿತು.

ಕಳೆದ ಭಾನುವಾರ ನಮ್ಮನೆ ಊಟದಲ್ಲಿ ನಾದಿನಿಯ ಅಳಿಯ ಕೇಳಿದರು, ಗೇರ್‌ಬಾಕ್ಸಿನ ಫಿಲ್ಟರ್ ಬದಲಿಸಬೇಕಾ ಎಂದು.

“ಬದಲಿಸ್ಲೇಬೇಕು! ಗೋಣಿಬೀಡಲ್ಲಿ ಒಬ್ಬ ಇದ್ದ ಮಾರಾಯ, ಅದೂ ಗೊತ್ತಿರ್ಲಿಲ್ಲ ಅವ್ನಿಗೆ” ಎಂದರು ಯಜಮಾನರು. ಎಲ್ಲರೂ ನಕ್ಕರು.

ನಾನು ಪಾತ್ರೆ ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದೆ.

“ಇನ್ನೊಂದು ಕಡುಬು ಹಾಕ್ಲಾ?” ಎಂದೆ.