ಟ್ಯೂಬಕ್ಕ ಸಾಕಿದ ಕಾಲರಾ

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಟ್ಯೂಬಕ್ಕ ಎಂದೇ ಕರೆಯುತ್ತಿದ್ದರು. ಗಾಜಿನ ಸಾಮಾನು ತೊಳೆಯಲು ಸೇರಿದವಳು ಹಳೆಯ ಪ್ರೊಫೆಸರ ಕೈಕೆಳಗೆ ಪಳಗಿ, ಸೂಕ್ಷ್ಮಾಣುಗಳನ್ನು ಸಾಕುವ ಕೆಲಸಕ್ಕೆ ನಿಂತಳು. ಟ್ಯೂಬಿನೊಳಗೆ ಅವುಗಳ ಆಹಾರಕ್ಕೆಂದು ಹೆಪ್ಪುಗಟ್ಟಿಸಿದ ಅಗರ್ ಒಣಗುವ ಮೊದಲು ತಂತಿಯನ್ನು ಕೆಂಪಗೆ ಕಾಯಿಸಿ, ಆರಿಸಿ, ಹಳೆಯದರಿಂದ ಚೂರು ಎತ್ತಿ ಹೊಸದಕ್ಕೆ ಸವರಬೇಕು. ಬೇರೆ ಜಾತಿ ಬೆರೆತರೆ ಕೆಟ್ಟಿತು. ಅದಕ್ಕೇ ಅವಳು ರಜೆ ಹಾಕಿ ಊರು ಬಿಟ್ಟವಳಲ್ಲ.

"ಒಂದೊಂದನ್ನೂ ಬೇರೆ ಮಾಡಿ ಬೆಳೆಸೋದು ಕಲಿತ ಮೇಲೇ ಕಣಮ್ಮ, ಯಾವ ರೋಗಕ್ಕೆ ಯಾವುದು ಕಾರಣ ಅಂತ ಗೊತ್ತಾಗಿದ್ದು. ಅಲ್ಲೀವರೆಗೂ ಕೆಟ್ಟ ಗಾಳಿ ಅಂತಿದ್ರು," ಎನ್ನುತ್ತಿದ್ದರು ಪ್ರೊಫೆಸರು.

"ಅತ್ತಿಗೆ, ನಿಮ್ಮ ಮಕ್ಕಳು ಹೇಗಿದಾವೆ?" ಎಂದು ಮನೆಯಲ್ಲಿ ನಾದಿನಿ ಆ ಟ್ಯೂಬುಗಳ ಬಗ್ಗೆ ರೇಗಿಸುವಳು.

"ಉಂಡು ಮಲಗಿವೆ. ನಿನ್ನ ಮಕ್ಕಳಷ್ಟು ಗಲಾಟೆ ಇಲ್ಲ."

ಅವುಗಳಲ್ಲೊಂದು ಕಾಲರಾ. ಊರಿಗೆ ಕಾಲರಾ ಬಂದ ವರ್ಷ ಅವಳ ತಮ್ಮ ತೀರಿಕೊಂಡಿದ್ದ. ಅವನ ಭೇದಿಯಿಂದಲೇ ಪ್ರೊಫೆಸರು ಅದನ್ನು ಬೇರ್ಪಡಿಸಿ ಬೆಳೆಸಿದ್ದರು. ತಮ್ಮನ ಫೋಟೋ ಒಂದೂ ಮನೆಯಲ್ಲಿರಲಿಲ್ಲ. ಅವನನ್ನು ಕೊಂದದ್ದನ್ನೇ ಅವಳು ವರ್ಷಗಟ್ಟಲೆ ಉಣಿಸಿ ಉಳಿಸಿದಳು. ಯಾಕೆಂದು ಗಂಡನಿಗೆ ಅರ್ಥವಾಗಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ.

ಪ್ರೊಫೆಸರು ತೀರಿಹೋದರು. ಹೊಸದಾಗಿ ಬಂದ ಮುಖ್ಯಸ್ಥೆ ಕೆಟ್ಟವರಲ್ಲ. ಟ್ಯೂಬುಗಳನ್ನು ಇಟ್ಟುಕೊಳ್ಳುತ್ತೀರಾ ಎಂದು ಬೇರೆ ಕಾಲೇಜುಗಳನ್ನೆಲ್ಲ ಕೇಳಿ ನೋಡಿದರು. ಯಾರಿಗೂ ಬೇಕಿರಲಿಲ್ಲ.

"ಅಕ್ಕಾ, ಬಾಗಿಲೇ ಸರಿಯಿಲ್ಲದ ಕೋಣೇಲಿ ಇಂಥದ್ದು ಇಡೋ ಹಾಗಿಲ್ವಂತೆ. ಆಟೋಕ್ಲೇವಿಗೆ ಹಾಕಿ ಸಾಯಿಸಿಬಿಡಬೇಕು."

"ಎಲ್ಲಾನಾ ಮೇಡಂ?"

"ಎಲ್ಲಾ. ಬೇರೆ ಯಾರಿಗಾದ್ರೂ ಹೇಳ್ಲಾ?"

"ಬೇಡ. ಬೇರೆಯವರು ಅರ್ಧಂಬರ್ಧ ಬೇಯಿಸ್ತಾರೆ."

ಕಾಲರಾದ ಆ ಒಂದು ಟ್ಯೂಬನ್ನು ಚೀಲಕ್ಕೆ ಹಾಕಿಕೊಳ್ಳೋಣವೆನ್ನಿಸಿತು. ಮನೆಯಲ್ಲಿ ನಾದಿನಿಯ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಿತ್ತು. ಕೈ ಹಿಂತೆಗೆದಳು. ಟ್ಯೂಬುಗಳ ಬುಟ್ಟಿಯನ್ನು ಆಟೋಕ್ಲೇವಿನ ಹಬೆಪಾತ್ರೆಗೆ ಇಳಿಸಿ ಮುಚ್ಚಳದ ತಿರುಪುಗಳನ್ನು ಬಿಗಿದಳು. ಒತ್ತಡದ ಮುಳ್ಳು ಏರಿತು, ಹಬೆ ಬುಸುಗುಟ್ಟಿತು. ತೆರೆದಾಗ ಅಗರ್ ಕರಗಿ ನೀರಾಗಿತ್ತು, ಚೀಟಿಗಳು ಕಿತ್ತುಬಂದಿದ್ದವು. ಯಾವುದು ಯಾವುದೆಂದು ಅವಳಿಗೂ ಗುರುತು ಸಿಗಲಿಲ್ಲ. ಎಲ್ಲವನ್ನೂ ಚೆಲ್ಲಿ, ಟ್ಯೂಬು ತೊಳೆದು ಬೋರಲಿಟ್ಟಳು.

ಆಮೇಲೆ ಕೋಣೆಗೆ ಮುರಿದ ಕುರ್ಚಿಗಳನ್ನು ತುಂಬಿದರು. ಅವಳನ್ನು ಆಫೀಸಿನ ಬಾಗಿಲಲ್ಲಿ ಕೂರಿಸಿದರು; ಹೇಳಿಕೊಳ್ಳುವಂಥ ಕೆಲಸವೇನಿರಲಿಲ್ಲ.

ಒಂದು ಸಂಜೆ ಗಂಡ ಹೇಳಿದ: "ಇನ್ನಾದ್ರೂ ರಜಾ ಹಾಕು, ಎಲ್ಲಾದ್ರೂ ಹೋಗ್ಬರೋಣ. ಈಗ ಯಾವುದೂ ನಿನ್ನ ದಾರಿ ಕಾಯೋದಿಲ್ವಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಎಲ್ಲಿಗೆ ಹೋಗೋದು?" ಎಂದಳು.

ಅವನಿಗೂ ಯಾವ ಊರೂ ಹೊಳೆಯಲಿಲ್ಲ.